ಟ್ರೆಡ್‌ವೇ ಬಾವಿಯ ಹಲಗೆ

ಹಗಲನ್ನು ದುಡಿಮೆಗೂ ರಾತ್ರಿಯನ್ನು ದಣಿವಿಗೂ ಹಂಚಿಕೊಟ್ಟ ಪರಲೋಕದ ತಂದೆಗೆ ಮೊದಲು ಕೈಮುಗಿಯೋಣ. ಈ ಬಯಲಿನಲ್ಲಿ ನಮಗಿಂತ ಮುಂಚೆ ಮಲಗಿದವರನ್ನು ಅವನು ಕಾಯಲಿ. ಇನ್ನೂ ಎದ್ದು ಕೂತಿರುವ ನಮ್ಮನ್ನೂ ಕಾಯಲಿ.

ಒಲೆಗೆ ಇನ್ನೆರಡು ಬೆರಣಿ ಹಾಕಿ ಹತ್ತಿರ ಬನ್ನಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ, ನಮ್ಮ ಕೆಜಾಯಾ ದೊಡ್ಡಮ್ಮನಿಗೆ ಆದದ್ದು. ಪ್ಲಮ್ ಹಳ್ಳದ ಎರಡೂ ದಂಡೆಯ ಮಕ್ಕಳಲ್ಲಿ ಅರ್ಧಕ್ಕರ್ಧ ಹುಟ್ಟುವಾಗ ಬಿದ್ದದ್ದು ಅವಳ ಕೈಗೇ. ಗಂಡನನ್ನು ಈ ಸೀಮೆಗೆ ಬರುವ ದಾರಿಯಲ್ಲೇ ಮಣ್ಣು ಮಾಡಿ, ಗಾಡಿಯನ್ನು ತಾನೇ ಹೊಡೆದುಕೊಂಡು ಬಂದವಳು. ಸುಳ್ಳು ಹೇಳುವಷ್ಟು ಪುರುಸೊತ್ತು ಅವಳಿಗೆ ಯಾವತ್ತೂ ಇರಲಿಲ್ಲ.

ಆ ವರ್ಷ ಹುಲ್ಲುಗಾವಲಿಗೆ ಬೆಂಕಿ ಬಿದ್ದಿತ್ತು. ಬೆಂಕಿ ದೂರದಲ್ಲೇ ಇತ್ತು, ಹೊಗೆ ಮಾತ್ರ ನಮ್ಮ ತಲೆಯ ಮೇಲೆ. ಹಗಲಲ್ಲಿ ಸೂರ್ಯ ತಾಮ್ರದ ಬಿಲ್ಲೆಯ ಹಾಗೆ ಕಾಣುತ್ತಿದ್ದ. ರಾತ್ರಿ ಒಂದು ಚುಕ್ಕಿಯೂ ಇಲ್ಲ. ಅಂಥ ರಾತ್ರಿಯಲ್ಲಿ ದೊಡ್ಡಮ್ಮ ನೋರ್ಲುಂಡರ ಮನೆಯಿಂದ ತನ್ನ ಮನೆಗೆ ನಡೆದು ಬರುತ್ತಿದ್ದಳು. ಎದೆಗೆ ಶಾಲಿನಲ್ಲಿ ಕಟ್ಟಿಕೊಂಡ ಕೂಸು. ಕೈಯಲ್ಲಿ ಎಣ್ಣೆ ತೀರಿದ ಲಾಟೀನು. ಅದು ನಡಿಗೆಗೆ ತಕ್ಕ ಹಾಗೆ ಕಿಣ್... ಕಿಣ್... ಎನ್ನುತ್ತಿತ್ತು.

ಕೂಸು ಅವಳದ್ದಲ್ಲ, ಲೊವೀನಾ ಟ್ರೆಡ್‌ವೇಯದು. ಹೆಸರು ಟಬಿತಾ. ಹೆತ್ತ ಮೂರನೇ ದಿನ ತಾಯಿ ಜ್ವರದಲ್ಲಿ ಹೋದಳು. ನೋರ್ಲುಂಡರ ಸೊಸೆ ಬ್ರಿಟಾ ತಾನೂ ಹಸಿ ಬಾಣಂತಿ, ಸ್ವೀಡನ್ನಿನ ಹೆಂಗಸು. ಮಾತು ಕಡಿಮೆ, ಮನಸ್ಸು ದೊಡ್ಡದು. ತನ್ನ ಮಗುವಿನ ಜೊತೆ ಇದಕ್ಕೂ ಹಾಲು ಕೊಡುತ್ತಿದ್ದಳು. ಆದರೆ ಅವರ ಒಂದೇ ಕೋಣೆಯಲ್ಲಿ ಎಂಟು ಜನ ಮಲಗಬೇಕು, ಇನ್ನೊಂದು ತೊಟ್ಟಿಲು ಇಡಲು ಜಾಗವೆಲ್ಲಿ? ಹಾಗಾಗಿ ದೊಡ್ಡಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೂಸನ್ನು ಹೊತ್ತು ಹೋಗಿ ಕುಡಿಸಿಕೊಂಡು ಬರುತ್ತಿದ್ದಳು. ಬೇಸಿಗೆಯ ಕೊನೆಯಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

ಆ ದಿನ ಬ್ರಿಟಾ ಗಂಡಸರ ಜೊತೆ ಬೆಂಕಿ ದಾಟಿ ಬರದ ಹಾಗೆ ಅಡ್ಡಲಾಗಿ ನೆಲ ಉಳಲು ಹೋಗಿದ್ದಳು. ತಿರುಗಿ ಬಂದದ್ದೇ ಕತ್ತಲಾದ ಮೇಲೆ. ಮುಖವೆಲ್ಲ ಮಸಿ. ಹಾಲು ಕುಡಿಸುತ್ತ ಕುಡಿಸುತ್ತ ಕೂತಲ್ಲೇ ನಿದ್ದೆ ಹೋದಳಂತೆ. ದೊಡ್ಡಮ್ಮ ಕೂಸನ್ನು ಮೆಲ್ಲಗೆ ತೆಗೆದುಕೊಳ್ಳುವಾಗ ಕಣ್ಣು ಬಿಟ್ಟು, ಈ ಹೊಗೆಯಲ್ಲಿ ಹೋಗಬೇಡಿ, ನೆಲದ ಮೇಲೆ ಎಲ್ಲಾದರೂ ಒರಗಿಕೊಳ್ಳಿ ಎಂದಳು. ಹಸು ಕರೆದಿಲ್ಲ ತಾಯಿ, ಅದು ಕೂಗುತ್ತಿರುತ್ತದೆ ಎಂದು ದೊಡ್ಡಮ್ಮ ಹೊರಟೇಬಿಟ್ಟಳು.

ಕುರುಡಿಗೆ ಕೋಲು ಇದ್ದ ಹಾಗೆ ಅವಳಿಗೆ ಗಾಡಿಯ ಜಾಡು. ಕಣ್ಣು ಕಾಣದಿದ್ದರೂ ಜಾಡಿನ ತಗ್ಗಿನಲ್ಲಿ ಕಾಲಿಟ್ಟರೆ ಕಾಲೇ ಮನೆ ಮುಟ್ಟಿಸುತ್ತದೆ. ಆದರೆ ಟ್ರೆಡ್‌ವೇ ಜಾಗದಲ್ಲಿ ಜಾಡು ಕವಲೊಡೆಯುತ್ತದೆ. ಒಂದು ನಮ್ಮ ಕಡೆಗೆ. ಇನ್ನೊಂದು ಅವರ ಬಾವಿಗೆ. ಬಾವಿಯ ಜಾಡೇ ಹೆಚ್ಚು ಆಳ... ಒಂದು ಕಾಲದಲ್ಲಿ ಸುತ್ತಲಿನವರೆಲ್ಲ ಗಾಡಿಯಲ್ಲಿ ಪೀಪಾಯಿ ಹೇರಿಕೊಂಡು ನೀರಿಗೆ ಅಲ್ಲಿಗೇ ಬರುತ್ತಿದ್ದದ್ದು. ತುಂಬಿದ ಪೀಪಾಯಿಯ ಭಾರಕ್ಕೆ ನೆಲ ಕುಸಿದಿತ್ತು. ದಣಿದ ಕಾಲು ಆಳದ ಜಾಡನ್ನೇ ಆರಿಸಿಕೊಂಡಿತು. ಅವಳಿಗೆ ಗೊತ್ತಾಗಲಿಲ್ಲ.

ಆ ಬಾವಿಯ ವಿಷಯ ಇಲ್ಲಿ ಹೇಳಲೇಬೇಕು.

ಲೊವೀನಾ ಓಹಾಯೋದ ಕಡೆಯ ಹುಡುಗಿ, ಹಲಗೆ ಮನೆಯಲ್ಲಿ ಬೆಳೆದವಳು. ಇಲ್ಲಿ ಬಂದು ನಮ್ಮೆಲ್ಲರ ಹಾಗೆ ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆ ಕಡಿದು ಕಟ್ಟಿದ ಮನೆಯಲ್ಲಿ ಸಂಸಾರ ಹೂಡಿದಳು. ಆ ಮನೆಗಳ ಚಾವಣಿ ನಿಮಗೆ ಗೊತ್ತೇ ಇದೆ. ಮಳೆ ಬಂದರೆ ಕೆಸರು, ಬಿಸಿಲಿಗೆ ಧೂಳು. ಸಾರಿನಲ್ಲಿ ಮಣ್ಣು, ಹಾಸಿಗೆಯಲ್ಲಿ ಮಣ್ಣು. ಅವಳು ತನ್ನ ಮದುವೆಯ ಬಿಳಿ ಮಸ್ಲಿನ್ ಬಟ್ಟೆಯನ್ನು ಚಾವಣಿಯ ಕೆಳಗೆ ಕಟ್ಟಿದ್ದಳು. ಆದರೂ ಮಲಗಿದರೆ ಮುಖದ ಮೇಲೆ ಸಣ್ಣಗೆ ಉದುರುತ್ತಲೇ ಇರುತ್ತಿತ್ತು. ಜ್ವರ ಏರಿದ ಆ ಕೊನೆಯ ದಿನ ದೊಡ್ಡಮ್ಮನ ಕೈ ಹಿಡಿದು ಕೇಳಿದ್ದು ಎರಡೇ ಮಾತು.

"ಮಗೂನ ನೀವೇ ನೋಡ್ಕೊಳಿ ದೊಡ್ಡಮ್ಮ. ಆಮೇಲೆ... ನನ್ನ ಮುಖದ ಮೇಲೆ ಮಣ್ಣು ಹಾಕಬೇಡಿ. ಸಾಕಾಗಿದೆ."

ಮರವೇ ಇಲ್ಲದ ಈ ಸೀಮೆಯಲ್ಲಿ ಶವಪೆಟ್ಟಿಗೆಗೆ ಹಲಗೆ ಎಲ್ಲಿಂದ ತರುವುದು? ರೈಲು ನಿಲ್ದಾಣಕ್ಕೆ ಗಾಡಿ ಹೋಗಿ ಬರುವಷ್ಟು ಹೊತ್ತು ಆ ಸೆಕೆಯಲ್ಲಿ ಹೆಣ ಕಾಯುವುದಿಲ್ಲ. ಗಿಡಿಯನ್ ಸ್ಪ್ರೇಗ್ ಬಂದ. ಅವನನ್ನು ನೆನೆದರೆ ನಗು ಬರುತ್ತದೆ. ಹಿಂದೆ ಎತ್ತಿನ ಗಾಡಿಗಳನ್ನು ಬೆಟ್ಟದ ಸೀಮೆಯವರೆಗೆ ಹೊಡೆಯುತ್ತಿದ್ದವನು. ಒಂದು ಕಿವಿಯನ್ನು ಹಿಮ ತಿಂದಿತ್ತು. ಕೇಳಿದರೆ ಕರಡಿ ತಿಂದಿತು ಎನ್ನುತ್ತಿದ್ದ. ಅವನು ಬಾಯಲ್ಲಿ ಕೊಂದ ಕಾಡೆಮ್ಮೆಗಳನ್ನು ಲೆಕ್ಕ ಹಾಕಿದರೆ ದೇವರು ಸೃಷ್ಟಿಸಿದ್ದಕ್ಕಿಂತ ಹೆಚ್ಚಾಗುತ್ತವೆ ಎಂದು ದೊಡ್ಡಮ್ಮ ಹಂಗಿಸುತ್ತಿದ್ದಳು. ಆದರೆ ಆ ದಿನ ಅವನ ಬಾಯಿಂದ ಒಂದು ಮಾತಿಲ್ಲ. ಮನೆಯ ಬಾಗಿಲು ಕಿತ್ತ, ಊಟದ ಮೇಜು ಬಿಚ್ಚಿದ. ತಳವಾಯಿತು, ಬದಿಗಳಾದವು. ಮುಚ್ಚಳಕ್ಕೆ ಸಾಲಲಿಲ್ಲ.

ಆಗ ಗಂಡ ಆನ್ಸೆಲ್ ಎದ್ದು ಹೊರಗೆ ಹೋದ. ಬಾವಿಯ ಮೇಲಿನ ಹಲಗೆ ಮುಚ್ಚಳವನ್ನು ಹೊತ್ತು ತಂದು ಗಿಡಿಯನ್ನನ ಮುಂದೆ ಇಟ್ಟ. ಯಾರೂ ಬೇಡ ಅನ್ನಲಿಲ್ಲ. ಅನ್ನುವ ಹೊತ್ತೂ ಅದಾಗಿರಲಿಲ್ಲ. ದೊಡ್ಡಮ್ಮ ಚಾವಣಿಯ ಮಸ್ಲಿನ್ ಬಿಚ್ಚಿ, ಒಗೆದು, ಆ ಮುಚ್ಚಳದ ಒಳಮೈಗೆ ತಾನೇ ಸಣ್ಣ ಮೊಳೆ ಹೊಡೆದು ಹಾಸಿದಳು. ಮುಖ ಬರುವ ಕಡೆ ಎರಡು ಮಡಿಕೆ. ಮುಖದ ಮೇಲೆ ಮಣ್ಣು ಬೀಳದ ಹಾಗೆ ಲೊವೀನಾಳನ್ನು ಮಲಗಿಸಿದರು.

ಬಾಯ್ದೆರೆದ ಬಾವಿಯ ಮೇಲೆ ಗಿಡಿಯನ್ ವಿಲೋ ಕಡ್ಡಿಗಳನ್ನು ಅಡ್ಡ ಹಾಸಿ, ಕಾಡೆಮ್ಮೆಯ ಹಳೇ ಚರ್ಮ ಹೊದಿಸಿ, ಸುತ್ತ ಕಲ್ಲು ಹೇರಿದ. ಗಾಡಿ ಹೋದಾಗ ಹಲಗೆ ತರಿಸಿ ಸರಿಯಾಗಿ ಮಾಡುತ್ತೇನೆ ಎಂದ. ಗಾಡಿ ಹೋಯಿತು, ಬಂತು. ಉಪ್ಪು ಬಂತು, ಹಿಟ್ಟು ಬಂತು. ಹಲಗೆ ನೆನಪಾಗಲಿಲ್ಲ. ಆನ್ಸೆಲ್ ಬಾವಿಯ ಹಗ್ಗ, ಬಾಲ್ದಿ ಬಿಚ್ಚಿಕೊಂಡು ರೈಲು ಹಳಿಯ ಕೆಲಸಕ್ಕೆ ಹೋದ. ನೆಲೆ ನಿಂತ ಮೇಲೆ ಮಗುವಿಗೆ ಹೇಳಿ ಕಳಿಸುತ್ತೇನೆ ಎಂದಿದ್ದ. ಹೇಳಿ ಬರಲಿಲ್ಲ. ಅವನನ್ನು ನಾನು ದೂರುವುದಿಲ್ಲ, ದೇವರು ಅವನನ್ನೂ ಬಲ್ಲ. ಹಗ್ಗವಿಲ್ಲದ ಬಾವಿಗೆ ಯಾರು ಬರುತ್ತಾರೆ? ಬರಿಯ ರಾಟೆ ಉಳಿಯಿತು, ಸುತ್ತ ಹುಲ್ಲು ಬೆಳೆಯಿತು.

ಇನ್ನು ಆ ರಾತ್ರಿಗೆ ಬರೋಣ.

ಮೊದಲು ಕೇಳಿಸಿದ್ದು ರಾಟೆ. ಕಿರ್ರ್... ಕಿರ್ರ್... ಒಣಗಿದ ರಾಟೆಯ ಸದ್ದಲ್ಲ, ಭಾರ ಹೊತ್ತು ತಿರುಗುವ ರಾಟೆಯ ಸದ್ದು. ನಡುವೆ ಒದ್ದೆ ಹಗ್ಗ ಹಿಂಡಿದಂತೆ ತೊಟ್... ತೊಟ್... ದೊಡ್ಡಮ್ಮ, ಯಾರೋ ನೀರು ಸೇದುತ್ತಿದ್ದಾರೆ ಅಂದುಕೊಂಡಳು. ಹಗ್ಗವೇ ಇಲ್ಲವೆಂಬುದು ನೆನಪಾಗಲಿಲ್ಲ. ಬೆಳಿಗ್ಗೆಯಿಂದ ನಿಂತೇ ಇದ್ದ ಮೈ. ಹೆದರುವುದಕ್ಕೂ ಒಂದಿಷ್ಟು ಬಲ ಬೇಕಲ್ಲ, ಆ ಬಲವೂ ಅವಳಲ್ಲಿ ಉಳಿದಿರಲಿಲ್ಲ.

ಸದ್ದು ನಿಂತಿತು.

ಎದುರಿಗೆ, ಒಂದು ಮಾರು ದೂರದಲ್ಲಿ, ಯಾರೋ ನಿಂತ ಹಾಗಾಯಿತು. ಕತ್ತಲಲ್ಲಿ ಇನ್ನಷ್ಟು ಕತ್ತಲು, ಅಷ್ಟೇ.

"ಮಗು ಕುಡೀತಾ, ದೊಡ್ಡಮ್ಮ?"

ಪಿಸುಮಾತು. ಹೆಂಗಸಿನದು. ಹಾದಿಯಲ್ಲಿ ಸಿಕ್ಕವರೆಲ್ಲ ದಿನವೂ ಅವಳನ್ನು ಕೇಳುವ ಮಾತೇ ಅದು.

"ಕುಡೀತಮ್ಮ... ಅರೆಹೊಟ್ಟೆ. ಪಾಪ, ಬ್ರಿಟಾಗೂ ಇವತ್ತು ಹಾಲಿರಲಿಲ್ಲ."

"ಪುಟ್ಟಿ ಮಲಗಿದ್ದಾಳಾ?"

"ಮಲಗಿದ್ದಾಳೆ."

ಕೂಸಿನ ಉಸಿರು ಮಾತ್ರ.

"ಅಲ್ಲೇ ನಿಲ್ಲಿ... ಮುಂದೆ ಕಾಲಿಡಬೇಡಿ. ಎಡಕ್ಕೆ ಬನ್ನಿ... ಇನ್ನೂ ಎಡಕ್ಕೆ..."

ತೋಳು ಹಿಡಿದು ತಿರುಗಿಸಿದ ಹಾಗಾಯಿತು. ದೊಡ್ಡಮ್ಮ ತಿರುಗಿದಳು. ಅವಳ ಬಲಗಾಲಿನ ಬಳಿಯಿಂದ ಒಂದು ಹೆಂಟೆ ಕಳಚಿತು. ಸದ್ದಿಲ್ಲ... ಸದ್ದಿಲ್ಲ... ಬಹಳ ಹೊತ್ತಿನ ಮೇಲೆ, ಬಹಳ ಕೆಳಗೆ, ದುಬುಕ್.

"ದಿನಾ ನಿಲ್ತೀನಿ ದೊಡ್ಡಮ್ಮ. ನಿಂತು ನಿಂತು ಕಾಲು ಸೋತು ಹೋಗಿದೆ. ಒಂದು ಹಲಗೆ ಹಾಕಿಸಿ."

"ಆಗಲಿ ಮಗಳೇ," ಅಂದಳು ದೊಡ್ಡಮ್ಮ, ನಿದ್ದೆಗಣ್ಣಿನಲ್ಲಿ ಹೇಳುವವಳ ಹಾಗೆ. "ನಾಳೇನೇ ಹಾಕಿಸ್ತೀನಿ. ನೀನೂ ಹೋಗಿ ಮಲಗು."

ಮನೆಗೆ ಬಂದಳು. ಕೂಸನ್ನು ಮಲಗಿಸಿದಳು. ಹಸುವಿನ ಕೆಚ್ಚಲಿಗೆ ಕೈ ಹಾಕಿ, ಸೊರ್ರ್... ಸೊರ್ರ್... ಎಂದು ನಾಲ್ಕು ಧಾರೆ ಬಾಲ್ದಿಗೆ ಬಿದ್ದ ಮೇಲೆ, ಆ ದನಿ ಯಾರದೆಂದು ನೆನಪಾಯಿತು. ಕೈ ನಿಂತಿತು. ಹಸು ತಿರುಗಿ ನೋಡಿತು. ದೊಡ್ಡಮ್ಮ ದೀಪದ ಬಳಿ ಹೋಗಿ ತೋಳು ನೋಡಿಕೊಂಡಳು. ಅಂಗಿಯ ತೋಳಿನ ಮೇಲೆ ಹಸಿ ಮಣ್ಣಿನ ಗುರುತು. ಜುಲೈನಿಂದ ಮಳೆಯ ಹನಿ ಕಾಣದ ಸೀಮೆಯಲ್ಲಿ ಹಸಿ ಮಣ್ಣು... ಅವಳು ಮಂಡಿಯೂರಿ ಪ್ರಾರ್ಥನೆ ಮಾಡಿದಳು. ಆಮೇಲೆ ಹಸು ಕರೆಯುವುದನ್ನು ಮುಗಿಸಿದಳು. ಅರ್ಧ ಕರೆದ ಹಸುವನ್ನು ಬಿಡುವ ಹಾಗಿಲ್ಲ.

ಬೆಳಕು ಹರಿದ ಮೇಲೆ ಹೋಗಿ ನೋಡಿದಳು. ಕಾಡೆಮ್ಮೆಯ ಚರ್ಮವನ್ನು ತೋಳ ಎಳೆದಿತ್ತೋ, ವಿಲೋ ಕಡ್ಡಿ ಒಣಗಿ ಮುರಿದಿತ್ತೋ, ಎಲ್ಲವೂ ಬಾವಿಯೊಳಗೆ ಬಿದ್ದಿತ್ತು. ಧೂಳಿನಲ್ಲಿ ಅವಳದೇ ಬೂಟಿನ ಗುರುತು ಬಾವಿಯ ಅಂಚಿನವರೆಗೆ ನೇರ ಹೋಗಿತ್ತು. ಬಲಗಾಲಿನ ಕೊನೆಯ ಗುರುತಿನ ತುದಿ ಅಂಚು ದಾಟಿ ಗಾಳಿಯ ಮೇಲಿತ್ತು. ಅಲ್ಲಿಂದ ಎಡಕ್ಕೆ ತಿರುಗಿತ್ತು. ಬೇರೆ ಯಾರ ಹೆಜ್ಜೆಯೂ ಇರಲಿಲ್ಲ. ಬಾವಿಯ ಆಚೆಗೆ ನೋರ್ಲುಂಡರ ಮಕ್ಕಳು ಬೆರಣಿ ಆಯುವ ಬುಟ್ಟಿ ಬಿದ್ದಿತ್ತು, ನಿನ್ನೆಯದೋ ಮೊನ್ನೆಯದೋ. ಮಕ್ಕಳೂ ಇಲ್ಲೇ ಓಡಾಡುತ್ತವಲ್ಲ ಎಂದು ಅದನ್ನು ಎತ್ತಿಕೊಂಡಳು.

ಸೀದಾ ಗಿಡಿಯನ್ನನಲ್ಲಿಗೆ ನಡೆದಳು. ಅವನು ಬೆಂಕಿಯ ಕಡೆಗೆ ನೀರಿನ ಪೀಪಾಯಿ ಹೇರುತ್ತಿದ್ದ. ಎರಡು ರಾತ್ರಿಯಿಂದ ಮಲಗಿರಲಿಲ್ಲ. ಹಲಗೆ ಎಂದ ಕೂಡಲೇ ಎಂದಿನ ಬಾಯಿ ಬಿಚ್ಚಿದ.

"ಹಲಗೆನಾ ಅಕ್ಕಾ? ನನ್ನ ಮರದ ಹಲ್ಲು ಕಿತ್ತು ಕೊಡ್ಲಾ? ಈ ಸೀಮೇಲಿ ಅದೊಂದೇ ಕಟ್ಟಿಗೆ ಉಳಿದಿರೋದು."

"ಗಾಡಿಯ ಹಿಂಬಾಗಿಲು ಇದೆಯಲ್ಲೋ."

"ಅದು ಬಿಚ್ಚಿದ್ರೆ ಪೀಪಾಯಿ ಉರುಳುತ್ತೆ. ಪೀಪಾಯಿ ಉರುಳಿದ್ರೆ ಬೆಂಕಿ ನಿನ್ನ ಮನೆಗೇ ಬರುತ್ತೆ. ನಾಳೆ ಬೆಳಿಗ್ಗೆ ತರ್ತೀನಿ, ಆಣೆ."

"ಇವತ್ತು ಅಂತ ಮಾತು ಕೊಟ್ಟಿದ್ದೀನಿ ಗಿಡಿಯನ್."

"ಯಾರಿಗೆ?"

ದೊಡ್ಡಮ್ಮ ಹೇಳಿದಳು.

ಅವನು ನಗಲಿಲ್ಲ. ಪೀಪಾಯಿಗೆ ಕಟ್ಟುತ್ತಿದ್ದ ಹಗ್ಗದ ಗಂಟು ಬಿಗಿದ. ಆಮೇಲೆ, ಆ ಚರ್ಮ ಹೊದಿಸಿದ್ದು ನಾನು ಅಕ್ಕಾ, ನಾಳೆ ಸೂರ್ಯ ಹುಟ್ಟುವ ಮುಂಚೆ ಬರ್ತೀನಿ ಅಂದ. ಹೊಗೆಯೊಳಗೆ ಗಾಡಿ ಹೊಡೆದುಕೊಂಡು ಹೋದ. ತಪ್ಪು ಅವನದಲ್ಲ. ಆ ದಿನ ಆ ನೀರು ಹೋಗದಿದ್ದರೆ ಇವತ್ತು ನಾವು ಯಾರೂ ಇಲ್ಲಿ ಕೂತಿರುತ್ತಿರಲಿಲ್ಲ.

ದೊಡ್ಡಮ್ಮ ಹಳ್ಳದಿಂದ ಪ್ಲಮ್ ಮುಳ್ಳಿನ ಕೊಂಬೆ ಎಳೆತಂದು ಬಾವಿಯ ಸುತ್ತ ಒಟ್ಟಿದಳು. ಕೈಯೆಲ್ಲ ಗೀರಿತು. ಆ ಬುಟ್ಟಿಯನ್ನು ಬ್ರಿಟಾಳಿಗೆ ಮುಟ್ಟಿಸಿ, ಮಕ್ಕಳನ್ನು ಆ ಕಡೆ ಕಳಿಸಬೇಡ ಎಂದು ಹೇಳಿದಳು. ಸಂಜೆ ಗಾಳಿ ಎದ್ದು ಮುಳ್ಳನ್ನೆಲ್ಲ ಬಯಲಿಗೆ ಉರುಳಿಸಿಕೊಂಡು ಹೋಯಿತು. ಕೂಸನ್ನು ಹೊತ್ತು ದೂರದ ಸುತ್ತುದಾರಿಯಲ್ಲಿ ಬರುವಾಗ ಅವಳಿಗೆ ಮತ್ತೆ ರಾಟೆ ಕೇಳಿಸಿತು. ಕಿರ್ರ್... ನಿನ್ನೆಗಿಂತ ಮೆಲ್ಲಗೆ. ಕೈ ಸೋತವರು ತಿರುಗಿಸುವ ಹಾಗೆ. ದೊಡ್ಡಮ್ಮ ಕತ್ತಲಿಗೆ ಹೇಳಿದಳು: "ಇನ್ನೊಂದೇ ರಾತ್ರಿ ತಡ್ಕೊ, ತಾಯಿ."



ನಡುರಾತ್ರಿ ಕಳೆದಿರಬೇಕು. ಗಾಳಿ ಬಿದ್ದುಹೋಗಿತ್ತು. ಟ್ರೆಡ್‌ವೇ ಜಾಗದ ದಿಕ್ಕಿನಿಂದ ಸದ್ದು ಬಂತು. ಮೊದಲು ಸರ್ರ್... ಮರ ನೆಲದ ಮೇಲೆ ಎಳೆದ ಹಾಗೆ. ನಿಂತಿತು, ಯಾರೋ ಉಸಿರು ತೆಗೆದುಕೊಳ್ಳುತ್ತಾರಲ್ಲ, ಅಷ್ಟು ಹೊತ್ತು. ಮತ್ತೆ ಸರ್ರ್... ಕೊನೆಗೆ ದಡ್. ಒಂದೇ ಸಲ. ಆಮೇಲೆ ಇಡೀ ಬಯಲು ಸುಮ್ಮನಾಯಿತು. ಕೂಸು ನಿದ್ದೆಯಲ್ಲಿ ಒಂದು ನಿಟ್ಟುಸಿರು ಬಿಟ್ಟಿತು. ಅಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡ ನಿಟ್ಟುಸಿರು ಬರುವುದನ್ನು ತಾನು ನೋಡಿಯೇ ಇಲ್ಲ ಎಂದು ಸೂಲಗಿತ್ತಿಯಾದ ದೊಡ್ಡಮ್ಮ ಹೇಳುತ್ತಿದ್ದಳು.

ಗಿಡಿಯನ್ ಮಾತಿನಂತೆ ಬಂದ. ಗಾಡಿಯ ಹಿಂಬಾಗಿಲು ಬಿಚ್ಚಿ ಬೆನ್ನಿಗೆ ಹೊತ್ತಿದ್ದ. ಇಬ್ಬರೂ ನಡೆದರು. ಬಾವಿ ಕಂಡಿತು.

ಬಾವಿ ಮುಚ್ಚಿತ್ತು.

ಕಾಟನ್‌ವುಡ್ ಮರದ ಬೂದು ಹಲಗೆಗಳು, ಅಂಚಿಗೆ ಅಂಚು ಕೂಡಿ ಕೂತಿದ್ದವು. ಗಿಡಿಯನ್ ಹೊತ್ತದ್ದನ್ನು ಮೆಲ್ಲಗೆ ಕೆಳಗಿಟ್ಟ. ಟೋಪಿ ತೆಗೆದ. ತಾನೇ ಅಳತೆ ಮಾಡಿ ಕತ್ತರಿಸಿದ ಮೂಲೆಗಳು ಅವನಿಗೆ ಗುರುತು ಸಿಗದೇ ಇರುತ್ತದೆಯೇ? ಮಂಡಿಯೂರಿ ಒಂದು ಬದಿಯನ್ನು ಎತ್ತಿ ಒಳಮೈ ನೋಡಿದ. ನೋಡಿ, ದೊಡ್ಡಮ್ಮನಿಗೆ ಜಾಗ ಬಿಟ್ಟ.

ಒಳಮೈಯಲ್ಲಿ ಅವಳು ಹೊಡೆದ ಸಣ್ಣ ಮೊಳೆಗಳ ಸಾಲು. ಮೊಳೆಗಳಿಗೆ ಸಿಕ್ಕಿಕೊಂಡ ಮಸ್ಲಿನ್ನಿನ ಎಳೆಗಳು. ಒಂದು ಕಡೆ ಮಾತ್ರ ಎರಡು ಮಡಿಕೆ.

ಅಲ್ಲಿಂದ ದಿಬ್ಬದ ಮೇಲಿನ ಸಮಾಧಿಗೆ ಹೋದರು. ಅಗೆದ ಗುರುತಿಲ್ಲ. ಮೇಲೆ ಹೊದಿಸಿದ್ದ ಹುಲ್ಲಿನ ಹೆಂಟೆಗಳು ಬೇರು ಬಿಟ್ಟು ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದು ಎಸಳೂ ಮುರಿದಿರಲಿಲ್ಲ. ಆದರೆ ಉಬ್ಬಾಗಿದ್ದ ಮಣ್ಣು ನಡುವೆ ಒಂದು ಗೇಣು ಕುಸಿದಿತ್ತು... ಕೆಳಗೆ ಹೊತ್ತು ನಿಲ್ಲಿಸುವುದು ಏನೂ ಇಲ್ಲದ ಹಾಗೆ.

ಗಿಡಿಯನ್ ಅಳುತ್ತಿದ್ದ. "ಸಮಾಧಿ ಅಗೆಯೋಣ ಅಕ್ಕಾ. ಈ ಹಿಂಬಾಗಿಲು ಒಳಗೆ ಹಾಕ್ತೀನಿ. ಮುಖದ ಮೇಲೆ ಮಣ್ಣು ಬೀಳಬಾರದು ಅಂತ ಕೇಳಿದ್ದಳಲ್ಲ."

ದೊಡ್ಡಮ್ಮ ಕುಸಿದ ಮಣ್ಣಿನ ಮೇಲೆ ಕೈ ಇಟ್ಟಳು. ಕೂಸು ಅವಳ ಎದೆಯಲ್ಲಿ ಎಚ್ಚರವಾಗಿತ್ತು.

"ಬೇಡ," ಅಂದಳು. "ಈಗ ತಾನೇ ಮಲಗಿದ್ದಾಳೆ. ಎಬ್ಬಿಸಬೇಡ."

ಹಿಂಬಾಗಿಲನ್ನು ಸಮಾಧಿಯ ಮೇಲೆ, ಮುಖ ಇರುವ ಕಡೆಗೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟರು. ದೊಡ್ಡಮ್ಮ ಪ್ರಾರ್ಥನೆ ಹೇಳಿದಳು. ಆಮೇಲೆ ಬ್ರಿಟಾಳ ಮನೆಗೆ ನಡೆದಳು, ಕೂಸಿಗೆ ಹಸಿವಾಗಿತ್ತು.

ಸತ್ತವರು ಕೊನೆಯ ದಿನದವರೆಗೆ ಮಲಗಿಯೇ ಇರುತ್ತಾರೆ, ಎದ್ದು ಓಡಾಡುವುದಿಲ್ಲ ಎಂದು ನಮ್ಮ ಪಾದ್ರಿಗಳು ಹೇಳುತ್ತಾರೆ. ಅವರ ಜೊತೆ ನಾನು ವಾದ ಮಾಡುವುದಿಲ್ಲ. ಆದರೆ ಹೆತ್ತವಳಿಗೆ ದೇವರು ಒಂದೆರಡು ರಾತ್ರಿ ರಜೆ ಕೊಟ್ಟರೆ ತಡೆಯಲು ನಾವು ಯಾರು? ಟಬಿತಾ ಬೆಳೆದು ಮದುವೆಯಾದಳು. ಬಾವಿಗೆ ಹೊಸ ಹಗ್ಗ ಬಂತು. ಮುಚ್ಚಳ ಮಾತ್ರ ಅದೇ. ನಾವೆಲ್ಲ ಅದನ್ನು ಸರಿಸಿಯೇ ನೀರು ಸೇದುವುದು, ಸೇದಿ ಮತ್ತೆ ಮುಚ್ಚುವುದು. ಮುಚ್ಚದೆ ಹೋದವರು ಈ ಹಳ್ಳದ ದಂಡೆಯಲ್ಲಿ ಒಬ್ಬರೂ ಇಲ್ಲ.

ಇದು ನಡೆದದ್ದು. ನಂಬದಿದ್ದವರು ನಾಳೆ ಬೆಳಕಿನಲ್ಲಿ ದಿಬ್ಬಕ್ಕೆ ಹೋಗಿ ನೋಡಿ. ಪ್ರತಿ ವಸಂತದಲ್ಲೂ ಸಮಾಧಿಯ ಮೇಲಿನ ಆ ಹಿಂಬಾಗಿಲು ಸರಿಸಿ, ತಗ್ಗಿಗೆ ಮಣ್ಣು ತುಂಬಿ, ಹುಲ್ಲು ಹೊದಿಸಿ ಸಮ ಮಾಡುತ್ತೇವೆ. ಈ ವರ್ಷ ತುಂಬಿದ್ದು ನಾನೇ, ನನ್ನ ಕಾಲಿಂದ ತುಳಿದು ಗಟ್ಟಿ ಮಾಡಿದ್ದೇನೆ. ಮೊನ್ನೆ ಹೋಗಿ ಕೈ ಇಟ್ಟು ನೋಡಿದೆ. ಮತ್ತೆ ಒಂದು ಗೇಣು ಕುಸಿದಿದೆ.

ಕೇಳಿದ ನಿಮ್ಮೆಲ್ಲರ ಹಾದಿಯನ್ನೂ ದೇವರು ಕಾಯಲಿ. ದಣಿದವರಿಗೆ ನಿದ್ದೆ ಬರಲಿ, ಕತ್ತಲಲ್ಲಿ ಕಾಲು ತಪ್ಪುವ ಹೊತ್ತಿಗೆ ಎಡಕ್ಕೆ ಬಾ ಅನ್ನುವ ಒಂದು ದನಿ ಇರಲಿ. ಆಮೆನ್.